ಪೇಟೆ ಬೀದಿಯಲ್ಲಿ ಒಂದು ಖಾಲಿ ಜಾಗ

ನಮ್ಮ ವಾರ್ಡಿನ ನಗರಸಭೆ ಸದಸ್ಯೆ ನನ್ನ ಹಳೇ ವಿದ್ಯಾರ್ಥಿನಿ. ಹೋದ ತಿಂಗಳು ಮನೆಗೆ ಬಂದು ಮೇಜಿನ ಮೇಲೆ ಒಂದು ದೊಡ್ಡ ನಕ್ಷೆ ಹರಡಿದಳು. ಪೇಟೆಯ ನಡುವೆ, ಹಳೇ ಸಂತೆ ಮೈದಾನದಲ್ಲಿ, ನಾಲ್ಕು ಅಂತಸ್ತಿನ ಪಾರ್ಕಿಂಗ್ ಕಟ್ಟಡ.

"ಮೇಷ್ಟ್ರೇ, ಅಂಗಡಿಯವರೆಲ್ಲ ಬೇಕೇ ಬೇಕು ಅಂತಿದ್ದಾರೆ. ಸಭೆಯಲ್ಲಿ ಕೈ ಎತ್ತಲೋ ಬೇಡವೋ ಗೊತ್ತಾಗ್ತಿಲ್ಲ. ಲೆಕ್ಕ ಸ್ವಲ್ಪ ನೋಡಿಕೊಡಿ."

ಲೆಕ್ಕ ಶುರುವಾಗುವುದು ಜಾಗದಿಂದ. ಒಂದು ಕಾರು ನಿಂತಾಗ ಮುಚ್ಚುವ ನೆಲ ಸುಮಾರು ಏಳೆಂಟು ಚದರ ಮೀಟರ್. ಆದರೆ ಅದು ಒಳಗೆ ಬರಬೇಕು, ತಿರುಗಬೇಕು, ಇಳಿಜಾರು ಹತ್ತಬೇಕು, ಬಾಗಿಲು ತೆರೆಯಬೇಕು. ಹಾಗಾಗಿ ನಮ್ಮ ದೇಶದ ನಗರ ಯೋಜನೆಯಲ್ಲಿ ಒಂದು ಕಾರಿಗೆ ಬಯಲಿನಲ್ಲಿ 23 ಚದರ ಮೀಟರ್, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. 32 ಚದರ ಮೀಟರ್ ಅಂದರೆ ಸುಮಾರು 345 ಚದರ ಅಡಿ. ಒಂದು ಪುಟ್ಟ ಸಂಸಾರ ಅಷ್ಟರಲ್ಲೇ ಬಾಳುತ್ತದೆ.

"ಆದ್ರೆ ಪೇಟೆಯಲ್ಲಿ ಜಾಗವೇ ಇಲ್ವಲ್ಲ ಮೇಷ್ಟ್ರೇ?" ಎಂದಳು.

ಈ ಪ್ರಶ್ನೆಯ ಒಳಗೆ ಒಂದು ಸೊಗಸಾದ ಗಣಿತವಿದೆ. ಬೀದಿ ಬದಿಯ 100 ಜಾಗಗಳಲ್ಲಿ 85 ತುಂಬಿವೆ ಅಂದುಕೊಳ್ಳಿ. ಖಾಲಿ ಜಾಗಗಳು ಅಲ್ಲಲ್ಲಿ ಚದುರಿದ್ದರೆ, ಸರಾಸರಿ ಏಳು ಜಾಗ ನೋಡುವಷ್ಟರಲ್ಲಿ ಒಂದು ಸಿಗುತ್ತದೆ. 95 ತುಂಬಿದ್ದರೆ 20 ನೋಡಬೇಕು. 99 ತುಂಬಿದರೆ 100! ಒಂದು ಕಾರಿಗೆ ಆರು ಮೀಟರ್ ಹಿಡಿದರೆ ಅರ್ಧ ಕಿಲೋಮೀಟರಿಗೂ ಜಾಸ್ತಿ ಹುಡುಕಾಟ. 85ರಿಂದ 99ಕ್ಕೆ ಹೋಗಲು ಬೇಕಾದದ್ದು ಬರೀ 14 ಗಾಡಿ. ಹುಡುಕಾಟ ಮಾತ್ರ ಹದಿನೈದು ಪಟ್ಟು. "ಜಾಗವೇ ಇಲ್ಲ" ಎಂದು ನಮಗೆ ಅನಿಸುವುದು ಈ ಕೊನೆಯ ಕೆಲವೇ ಗಾಡಿಗಳಿಂದ.

ಹೀಗೆ ಹುಡುಕುತ್ತಾ ಸುತ್ತುವುದನ್ನೇ ಅಳೆದವರು ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್. ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್ ವಿಲೇಜ್ ಎಂಬ ಸಣ್ಣ ಪೇಟೆಯಲ್ಲಿ ಒಂದು ಕಾರು ಜಾಗಕ್ಕಾಗಿ ಸುತ್ತುತ್ತಿದ್ದದ್ದು ಸರಾಸರಿ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಎಲ್ಲ ಕಾರುಗಳ ಸುತ್ತಾಟ ಕೂಡಿಸಿದಾಗ ವರ್ಷಕ್ಕೆ 15 ಲಕ್ಷ ಕಿಲೋಮೀಟರ್ ಬಂತು. ಭೂಮಿಗೆ 38 ಸುತ್ತು, ಹದಿನೈದೇ ಬ್ಲಾಕುಗಳ ಒಂದು ಪೇಟೆಯಲ್ಲಿ! ಎಲ್ಲ ಜಾಗ ತುಂಬಿಸಬೇಡಿ, ಪ್ರತಿ ಬೀದಿಯಲ್ಲೂ ಒಂದೆರಡು ಖಾಲಿ ಉಳಿಯುವಷ್ಟು ಶುಲ್ಕ ಇಡಿ ಎಂಬುದು ಅವರ ಸಲಹೆ.

ಸ್ಯಾನ್ ಫ್ರಾನ್ಸಿಸ್ಕೋ ನಗರ 2011ರಿಂದ ಇದನ್ನು ದೊಡ್ಡದಾಗಿ ಪರೀಕ್ಷಿಸಿತು. ಸುಮಾರು 7,000 ಬೀದಿ ಜಾಗಗಳು, ಜೊತೆಗೆ ನಗರದ್ದೇ 14 ಪಾರ್ಕಿಂಗ್ ಕಟ್ಟಡಗಳು. ತುಂಬಿ ತುಳುಕುವ ಬೀದಿಗೆ ಗಂಟೆಯ ದರ ಸ್ವಲ್ಪ ಏರಿಸಿದರು, ಖಾಲಿ ಬೀದಿಗೆ ಇಳಿಸಿದರು. ಕಟ್ಟಡದೊಳಗಿನ ದರವನ್ನೂ ಹಾಗೇ ಹೊಂದಿಸಿದರು. ಆ ಪ್ರದೇಶಗಳಲ್ಲಿ ಹುಡುಕಾಟದ ಸಮಯ 43 ಶೇಕಡಾ ತಗ್ಗಿತು. ನನಗೆ ತುಂಬ ಹಿಡಿಸಿದ್ದು ಇನ್ನೊಂದು ಫಲಿತಾಂಶ: ಸರಾಸರಿ ದರ ಬೀದಿಯಲ್ಲೂ ಕಟ್ಟಡದಲ್ಲೂ ಮೊದಲಿಗಿಂತ ಕಡಿಮೆಯಾಯಿತು.

ಕಟ್ಟಡವೇ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಕಣ್ಣೆದುರು ಬೀದಿಯಲ್ಲಿ ಪುಕ್ಕಟೆ ಜಾಗ ಇರುವಾಗ ದುಡ್ಡು ಕೊಟ್ಟು ಮೂರನೇ ಮಹಡಿಗೆ ಯಾರು ಹತ್ತುತ್ತಾರೆ, ಅಲ್ವಾ? ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ಐನೂರಕ್ಕೂ ಹೆಚ್ಚು ಕಾರು ಹಿಡಿಸುವ ಬಹುಮಹಡಿ ಪಾರ್ಕಿಂಗ್ 2024ರಲ್ಲಿ ಶುರುವಾಯಿತು. ಅದಕ್ಕೆ ಬರುವ ಗಾಡಿಗಳು ತೀರಾ ಕಡಿಮೆ ಎಂದು ಮೊದಮೊದಲು ಪತ್ರಿಕೆಗಳು ಬರೆದಿದ್ದವು.

"ಹಾಗಾದ್ರೆ ನಾನೇನು ಮಾಡ್ಲಿ?" ಎಂದು ಕೇಳಿದಳು.

"ಮೊದಲು ಎಣಿಸೋಣ ಬಾರಮ್ಮ" ಎಂದೆ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಇಬ್ಬರೂ ಪೇಟೆ ಬೀದಿಗೆ ಹೋದೆವು. ನನ್ನ ಜೇಬಿನಲ್ಲಿ ಸೀಮೆಸುಣ್ಣ. ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿದ್ದವು. ನಿಂತ ಪ್ರತಿ ಗಾಡಿಯ ಹಿಂದಿನ ಟೈರಿನಿಂದ ನೆಲದವರೆಗೆ ಒಂದೇ ಗೆರೆ ಎಳೆದೆವು. ಗಾಡಿ ಕದಲಿದರೆ ಗೆರೆ ಮುರಿಯುತ್ತದೆ. ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಐದಕ್ಕೆ ಮತ್ತೆ ನೋಡಿದೆವು. ಅಷ್ಟು ಹೊತ್ತೂ ಗಿರಾಕಿಗಳ ಕಾರು, ಬೈಕುಗಳು ಜಾಗ ಹುಡುಕುತ್ತಾ ನಮ್ಮನ್ನು ದಾಟಿ ಹೋಗುತ್ತಲೇ ಇದ್ದವು.

ಐದು ಗಂಟೆಗೆ ಅರ್ಧಕ್ಕೂ ಜಾಸ್ತಿ ಗೆರೆಗಳು ಹಾಗೇ ಇದ್ದವು. ಅವಳು ಒಂದೊಂದೇ ಗಾಡಿ ತೋರಿಸಿ ಅದು ಯಾರದ್ದೆಂದು ಹೇಳುತ್ತಾ ಬಂದಳು. ಬಟ್ಟೆ ಅಂಗಡಿಯವರ ಕಾರು. ಪಾತ್ರೆ ಅಂಗಡಿ ಹುಡುಗರ ಮೂರು ಬೈಕು. ಔಷಧಿ ಅಂಗಡಿ ಯಜಮಾನರ ಸ್ಕೂಟರು. ಪಾರ್ಕಿಂಗ್ ಕಟ್ಟಡ ಬೇಕೆಂದು ಕೊಟ್ಟ ಮನವಿಯಲ್ಲಿ ಮೊದಲ ಸಹಿ ಅವರದ್ದೇ ಅಂತೆ.