ಎಲ್‌ಡ್ಯಾಪ್ ಹಾಕಿದ ಮೇಲೂ ಮತ್ತೆ ಪಾಸ್‌ವರ್ಡ್ ಯಾಕೆ ಕೇಳುತ್ತದೆ?

ಪ್ರಶ್ನೆ: "ಸರ್, ನಮ್ಮ ಎಂಜಿನಿಯರಿಂಗ್ ಕಾಲೇಜಿನ ಮೂಡಲ್‌ಗೆ ಓಪನ್‌ಎಲ್‌ಡ್ಯಾಪ್ ಸರ್ವರ್ ಜೋಡಿಸಿದ್ದೇವೆ. ಲಾಗಿನ್ ಆಗುತ್ತಿದೆ. ಆದರೆ ಅದೇ ಬ್ರೌಸರ್‌ನಲ್ಲಿ ಲೈಬ್ರರಿಯ ಕೋಹಾ ತೆರೆದರೆ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಎಲ್ಲಿ ತಪ್ಪಿದ್ದೇವೆ?"

ಎಲ್ಲೂ ತಪ್ಪಿಲ್ಲ. ಅದು ಕೇಳಲೇಬೇಕು. ಅಡ್ಮಿಷನ್ ಮುಗಿಯುತ್ತಿದ್ದ ಹಾಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಕಾಲೇಜಿನ ಹೆಸರು ಮಾತ್ರ ಬೇರೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದಿನ ಸಲ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು. ಹೊಸಬರಿಗೆ ಒಂದು ಮಾತು: ಮೂಡಲ್ ಅಂದರೆ ಆನ್‌ಲೈನ್ ಪಾಠ, ಕ್ವಿಜ್ ನಡೆಸುವ ಸಾಫ್ಟ್‌ವೇರ್, ಕೋಹಾ ಲೈಬ್ರರಿ ನಡೆಸುವುದು. ಎಲ್ಲರ ಹೆಸರು, ಪಾಸ್‌ವರ್ಡ್ ಒಂದೇ ಕಡೆ ಇಟ್ಟ ಡೈರೆಕ್ಟರಿಯನ್ನು ಕೇಳುವ ಪದ್ಧತಿ ಎಲ್‌ಡ್ಯಾಪ್, ಅಂಥ ಡೈರೆಕ್ಟರಿ ನಡೆಸುವ ಒಂದು ಸರ್ವರ್ ಓಪನ್‌ಎಲ್‌ಡ್ಯಾಪ್.

ಮೊದಲು ಸೆಟಪ್. ಉಬುಂಟುವಿನಲ್ಲಿ ಸ್ಲ್ಯಾಪ್‌ಡಿ ಪ್ಯಾಕೇಜ್ (ಓಪನ್‌ಎಲ್‌ಡ್ಯಾಪ್ ಸರ್ವರ್ ಇದೇ), ಜೊತೆಗೆ ಎಲ್‌ಡ್ಯಾಪ್ ಯುಟಿಲ್ಸ್. ಬೇಸ್ ಡಿಎನ್ (ಡೈರೆಕ್ಟರಿಯ ಬುಡದ ವಿಳಾಸ; ಒಬ್ಬೊಬ್ಬರ ಎಂಟ್ರಿಗೂ ಹೀಗೇ ಒಂದು ಡಿಎನ್, ಅಂದರೆ ಪೂರ್ತಿ ವಿಳಾಸ ಇರುತ್ತದೆ) ಕೆಳಗೆ 'ಪೀಪಲ್' ಅಂತ ಒಂದೇ ಓಯು (ಫೋಲ್ಡರ್ ಥರದ್ದು), ಎಲ್ಲರೂ ಅದರಲ್ಲೇ. ಬ್ರಾಂಚಿಗೊಂದು ಓಯು ಮಾಡಲು ಹೋಗಬೇಡಿ, ಹುಡುಗ ಬ್ರಾಂಚ್ ಬದಲಿಸಿದರೆ ಅವನ ಡಿಎನ್ ಕೂಡ ಬದಲಾಗುತ್ತದೆ. ಮೂಡಲ್ ಮೆಷಿನ್‌ನಲ್ಲಿ ಪಿಎಚ್‌ಪಿಯ ಎಲ್‌ಡ್ಯಾಪ್ ಎಕ್ಸ್‌ಟೆನ್ಷನ್ ಇರಲಿ. ಎರಡೂ ಬೇರೆ ಬೇರೆ ಮೆಷಿನ್ ಆದರೆ ಬರೀ 389 ಪೋರ್ಟ್ ಸಾಲದು, ಪಾಸ್‌ವರ್ಡ್ ತಂತಿಯ ಮೇಲೆ ಬಿಚ್ಚಿಟ್ಟ ಹಾಗೇ ಹೋಗುತ್ತದೆ. ಟಿಎಲ್‌ಎಸ್ (ಎನ್‌ಕ್ರಿಪ್ಷನ್) ಆನ್ ಮಾಡಿ, ಇಲ್ಲವೇ ಎನ್‌ಕ್ರಿಪ್ಟ್ ಆದ 636 ಪೋರ್ಟ್‌ಗೆ ಹೋಗಿ. ಮೂಡಲ್ ಸೆಟ್ಟಿಂಗ್ಸ್ ಮುಟ್ಟುವ ಮೊದಲು ಅದೇ ಮೆಷಿನ್‌ನಿಂದ ಎಲ್‌ಡ್ಯಾಪ್‌ಸರ್ಚ್ ಕಮಾಂಡ್ ಓಡಿಸಿ ಒಬ್ಬ ವಿದ್ಯಾರ್ಥಿಯ ಎಂಟ್ರಿ ಬರುತ್ತದಾ ನೋಡಿ. ಇಲ್ಲಿ ಬರದಿದ್ದದ್ದು ಅಲ್ಲೂ ಬರುವುದಿಲ್ಲ.

ಈಗ ಅಸಲು ವಿಷಯ. ಎಲ್‌ಡ್ಯಾಪ್ ಅಂದರೆ ಸಿಂಗಲ್ ಸೈನ್-ಆನ್ (ಒಮ್ಮೆ ಲಾಗಿನ್ ಆದರೆ ಎಲ್ಲ ಕಡೆ ತೆರೆಯುವುದು) ಅಂತ ಒಂದು ನಂಬಿಕೆ ಇದೆ. ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ. ಕೊಟೇಷನ್‌ಗಳಲ್ಲೂ ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ, ಪ್ರಿನ್ಸಿಪಾಲರು ಸಹಿ ಹಾಕಿರುತ್ತಾರೆ.

ಒಂದು ಲಾಗಿನ್ ಒಳಗೆ ಏನಾಗುತ್ತದೆ ನೋಡಿ. ಹುಡುಗಿ ಮೂಡಲ್‌ನಲ್ಲಿ ಹೆಸರು, ಪಾಸ್‌ವರ್ಡ್ ಹೊಡೆದಳು. ಮೂಡಲ್ ತನ್ನ ಬೈಂಡ್ ಅಕೌಂಟ್ (ಡೈರೆಕ್ಟರಿಗೆ ಲಾಗಿನ್ ಆಗುವುದೇ ಬೈಂಡ್) ಹಿಡಿದು ಡೈರೆಕ್ಟರಿಗೆ ಹೋಗಿ "ಈ ಯುಐಡಿ (ಲಾಗಿನ್ ಹೆಸರು) ಯಾರದ್ದು?" ಅಂತ ಕೇಳುತ್ತದೆ. ಡೈರೆಕ್ಟರಿ ಅವಳ ಪೂರ್ತಿ ಡಿಎನ್ ಕೊಡುತ್ತದೆ. ಆ ಡಿಎನ್ ಮತ್ತು ಅವಳು ಹೊಡೆದ ಪಾಸ್‌ವರ್ಡ್ ಇಟ್ಟುಕೊಂಡು ಮೂಡಲ್ ಇನ್ನೊಮ್ಮೆ ಬೈಂಡ್ ಮಾಡಲು ನೋಡುತ್ತದೆ. ಉತ್ತರ 0 ಬಂದರೆ ಪಾಸ್‌ವರ್ಡ್ ಸರಿ, 49 ಬಂದರೆ ತಪ್ಪು. ಡೈರೆಕ್ಟರಿಯ ಕೆಲಸ ಅಲ್ಲಿಗೆ ಮುಗಿಯಿತು. ಅವಳ ಬ್ರೌಸರ್ ಜೊತೆ ಅದು ಒಂದು ಮಾತೂ ಆಡಿಲ್ಲ. ಬ್ರೌಸರ್‌ಗೆ ಕುಕಿ (ಲಾಗಿನ್ ಆಗಿದ್ದಾಳೆ ಅನ್ನುವ ಚೀಟಿ) ಕೊಟ್ಟಿದ್ದು ಮೂಡಲ್, ಆ ಕುಕಿ ನಡೆಯುವುದೂ ಮೂಡಲ್‌ನಲ್ಲಿ ಮಾತ್ರ. ಕೋಹಾಗೆ ಅದರ ಗಂಧವೇ ಇಲ್ಲ. ಕೇಳದೆ ಏನು ಮಾಡುತ್ತೆ ಪಾಪ?

ಎಲ್‌ಡ್ಯಾಪ್‌ನ ಮೊದಲ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) ಬಂದದ್ದು 1993ರಲ್ಲಿ. ಬ್ರೌಸರ್ ಕುಕಿ ಹುಟ್ಟಿದ್ದು 1994ರಲ್ಲಿ. ತನಗಿಂತ ಆಮೇಲೆ ಬಂದದ್ದನ್ನು ಅದು ನೋಡಿಕೊಳ್ಳಲಿ ಅಂದರೆ ಹೇಗೆ?

ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಕೊಡುವುದು ಎಲ್‌ಡ್ಯಾಪ್. ಒಂದೇ ಸಲ ಹೊಡೆದರೆ ಸಾಕು ಅನ್ನುವುದು ಸಿಂಗಲ್ ಸೈನ್-ಆನ್. ಎರಡನೆಯದು ಬೇಕಾದರೆ ಕೀಕ್ಲೋಕ್ ಥರದ ಲಾಗಿನ್ ಸರ್ವರ್ ಒಂದು ಮಧ್ಯೆ ಬರಬೇಕು. ಮೂಡಲ್ ಬ್ರೌಸರನ್ನು ಅದರ ಪುಟಕ್ಕೆ ಅಟ್ಟುತ್ತದೆ, ಅದು ಹಿಂದಿರುವ ನಿಮ್ಮ ಇದೇ ಎಲ್‌ಡ್ಯಾಪ್ ಅನ್ನು ಕೇಳಿ ವಾಪಸ್ ಕಳಿಸುತ್ತದೆ. ಕೋಹಾವನ್ನೂ ಹೀಗೇ ಜೋಡಿಸಿದರೆ ಕೀಕ್ಲೋಕ್ ಗುರುತು ಇಟ್ಟುಕೊಂಡಿರುತ್ತದೆ, ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಅಂದರೆ ನೀವು ಮಾಡಿದ ಕೆಲಸ ವೇಸ್ಟ್ ಅಲ್ಲ. ಮೂಡಲ್‌ನಲ್ಲಿ ಓಆಥ್ 2 ಪ್ಲಗಿನ್ ಮೊದಲೇ ಇದೆ, ಅದರಿಂದ ಕೀಕ್ಲೋಕ್‌ಗೆ ಜೋಡಿಸಬಹುದು.

ಜನ ಗಮನಿಸದ ಇನ್ನೊಂದು ವ್ಯತ್ಯಾಸ ಇದೆ, ನನಗೆ ಜಾಸ್ತಿ ಚಿಂತೆ ಅದರದ್ದೇ. ಎಲ್‌ಡ್ಯಾಪ್‌ಗೆ ನೇರ ಜೋಡಿಸಿದ ಪ್ರತಿ ಅಪ್ಲಿಕೇಷನ್‌ಗೂ ವಿದ್ಯಾರ್ಥಿಯ ಪಾಸ್‌ವರ್ಡ್ ಬಿಚ್ಚಾಗಿ ಸಿಗುತ್ತದೆ. ಮೂಡಲ್‌ಗೆ ಸಿಗಲಿ ಬಿಡಿ. ಆರನೇ ಸೆಮಿಸ್ಟರ್ ಹುಡುಗರು ಪ್ರಾಜೆಕ್ಟ್ ಅಂತ ಬರೆದ ಫೀಡ್‌ಬ್ಯಾಕ್ ಫಾರ್ಮ್‌ಗೂ ಸಿಗಬೇಕಾ? ಅದರ ಲಾಗ್ ಫೈಲ್‌ನಲ್ಲಿ ಎಚ್ಓಡಿ ಪಾಸ್‌ವರ್ಡ್ ಬಿದ್ದಿದ್ದರೆ ಯಾರು ನೋಡಿದ್ದಾರೆ? ಹಾಗೇ ಮೂಡಲ್‌ನ ಎಲ್‌ಡ್ಯಾಪ್ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಕ್ಯಾಶ್ ಆಗದಂತೆ (ಮೂಡಲ್‌ನಲ್ಲೇ ಉಳಿಯದಂತೆ) ತಡೆಯುವ ಆಯ್ಕೆ ಇದೆ. 'ಎಸ್' ಕೊಡಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಯುಐಡಿಗೆ ಏನು ಹಾಕಿದ್ದೀರಿ? ಯುಎಸ್‌ಎನ್ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ವಿದ್ಯಾರ್ಥಿಗೆ ಕೊಡುವ ನಂಬರ್) ತಾನೇ? ವಿಟಿಯು ಕಾಲೇಜು ಅಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಆದರೆ ಕ್ಲಾಸ್ ಶುರುವಾದ ದಿನ ಮೊದಲ ಸೆಮಿಸ್ಟರ್ ಹುಡುಗರ ಹತ್ತಿರ ಯುಎಸ್‌ಎನ್ ಎಲ್ಲಿರುತ್ತೆ? ಅಲ್ಲಿಯವರೆಗೆ ಅಡ್ಮಿಷನ್ ನಂಬರ್ ಕೊಟ್ಟು, ಯುಎಸ್‌ಎನ್ ಬಂದ ಮೇಲೆ ಯುಐಡಿ ಬದಲಿಸಿದರೆ ಎಡವಟ್ಟು. ಮೂಡಲ್ ಜನರನ್ನು ಗುರುತು ಹಿಡಿಯುವುದು ಯೂಸರ್‌ನೇಮ್‌ನಿಂದ. ಹೊಸ ಯುಐಡಿ ಕಂಡರೆ ಹೊಸ ಮನುಷ್ಯ ಅಂದುಕೊಂಡು ಹೊಸ ಅಕೌಂಟ್ ತೆರೆಯುತ್ತದೆ. ಕ್ವಿಜ್, ಅಸೈನ್‌ಮೆಂಟ್ ಮಾರ್ಕ್ಸ್ ಎಲ್ಲಾ ಹಳೆಯದರಲ್ಲೇ ಉಳಿಯುತ್ತವೆ. ಇಂಟರ್ನಲ್ಸ್ ಮಾರ್ಕ್ಸ್ ಅಪ್‌ಲೋಡ್ ಮಾಡುವ ವಾರ ಗೊತ್ತಾಗುತ್ತದೆ.

ಯುಐಡಿಗೆ ಅಡ್ಮಿಷನ್ ನಂಬರ್ ಹಾಕಿ, ಕೋರ್ಸ್ ಮುಗಿಯುವವರೆಗೂ ಮುಟ್ಟಬೇಡಿ. ಅಕ್ಷರ ಇದ್ದರೆ ಸಣ್ಣಕ್ಷರದಲ್ಲೇ ಇರಲಿ, ಮೂಡಲ್ ಯೂಸರ್‌ನೇಮ್‌ಗಳಲ್ಲಿ ದೊಡ್ಡಕ್ಷರ ಇಟ್ಟುಕೊಳ್ಳುವುದಿಲ್ಲ. ಯುಎಸ್‌ಎನ್ ಬಂದಾಗ ಎಂಪ್ಲಾಯಿನಂಬರ್ ಅನ್ನುವ ಆಟ್ರಿಬ್ಯೂಟ್‌ಗೆ (ಎಂಟ್ರಿಯ ಒಂದು ಖಾನೆ) ತುಂಬಿ. ಹೆಸರು ನೋಡಿ ಹಿಂಜರಿಯಬೇಡಿ, ಇನೆಟ್‌ಆರ್ಗ್‌ಪರ್ಸನ್ ಅನ್ನುವ ಎಂಟ್ರಿ ಮಾದರಿಯಲ್ಲಿ ಅದು ಸುಮ್ನೆ ಖಾಲಿ ಕೂತಿರುತ್ತದೆ. ಡೇಟಾ ಮ್ಯಾಪಿಂಗ್‌ನಲ್ಲಿ ಅದನ್ನು ಮೂಡಲ್‌ನ ಐಡಿ ನಂಬರ್‌ಗೆ ಕಟ್ಟಿ, ಪ್ರತಿ ಲಾಗಿನ್‌ಗೂ ಅಪ್‌ಡೇಟ್ ಆಗಲಿ ಅಂತ ಇಡಿ. ಹುಡುಗ ಮುಂದಿನ ಸಲ ಲಾಗಿನ್ ಆದಾಗ ಯುಎಸ್‌ಎನ್ ತಾನಾಗೇ ಬಂದು ಕೂರುತ್ತದೆ, ಗ್ರೇಡ್‌ಬುಕ್ ಎಕ್ಸ್‌ಪೋರ್ಟ್ ಮಾಡಿದರೆ ಅದರಲ್ಲೂ ಸಿಗುತ್ತದೆ.