ನ್ಯಾಮಿನ್ಯಾಮಿಯ ಹೆಂಡತಿ ಗೋಡೆಯ ಆಚೆ ಉಳಿದಳು

ಆಫ್ರಿಕಾದ ಜಾಂಬೆಜಿ ನದಿಯಲ್ಲಿ ನ್ಯಾಮಿನ್ಯಾಮಿ ಇದ್ದಾನೆ ಅಂತ ಅಲ್ಲಿನ ಟೊಂಗಾ ಜನ ನಂಬುತ್ತಾರೆ. ಮೈ ಹಾವಿನದು, ತಲೆ ಮೀನಿನದು. ಆದರೆ ಅವನು ಹೆದರಿಸುವ ಭೂತ ಅಲ್ಲ, ನದಿ ಕಾಯುವ ದೈವ. ಬರಗಾಲ ಬಂದಾಗ ತನ್ನ ಮೈಯ ಮಾಂಸವನ್ನೇ ಕೊಟ್ಟು ಜನರನ್ನು ಉಳಿಸಿದನಂತೆ. ಅವನ ವಾಸ ಕರೀಬಾ ಕಮರಿಯಲ್ಲಿ, ಈಗಿನ ಜಾಂಬಿಯಾ ಮತ್ತು ಜಿಂಬಾಬ್ವೆ ಗಡಿಯಲ್ಲಿ.

1950ರ ದಶಕದಲ್ಲಿ ವಸಾಹತು ಸರ್ಕಾರ ಅದೇ ಕಮರಿಗೆ ಅಡ್ಡಲಾಗಿ 128 ಮೀಟರ್ ಎತ್ತರದ ಅಣೆಕಟ್ಟು ಕಟ್ಟಲು ಹೊರಟಿತು. ಸುಮಾರು 57,000 ಟೊಂಗಾ ಜನ ಮನೆ, ಹೊಲ, ಹಿರಿಯರ ಸಮಾಧಿ ಎಲ್ಲ ಬಿಟ್ಟು ಏಳಬೇಕಾಯಿತು. ನ್ಯಾಮಿನ್ಯಾಮಿಯ ಹೆಂಡತಿ ಆಗ ನದಿಯ ಕೆಳಗಡೆ ಹೋಗಿದ್ದಳು, ನಡುವೆ ಗೋಡೆ ಎದ್ದು ಗಂಡ ಹೆಂಡತಿ ಬೇರೆಯಾದರು, ಅವನು ಸುಮ್ನೆ ಬಿಡುವುದಿಲ್ಲ ಎಂದು ಜನ ಹೇಳಿದರು.

1957ರಲ್ಲಿ ದೊಡ್ಡ ನೆರೆ ಬಂತು. ಮರುವರ್ಷ ಅದಕ್ಕಿಂತ ದೊಡ್ಡದು, ಸೆಕೆಂಡಿಗೆ ಸುಮಾರು 16,000 ಘನ ಮೀಟರ್ ನೀರು. ನದಿ ತಿರುಗಿಸಲು ಕಟ್ಟಿದ್ದ ಒಡ್ಡು ಮುಳುಗಿತು, ಸೇತುವೆ ಕೊಚ್ಚಿಹೋಯಿತು. ನೆರೆಗೆ ಕಾರಣ ಮೇಲಿನ ಪ್ರದೇಶದಲ್ಲಿ ಸುರಿದ ಭಾರಿ ಮಳೆ. ಆದರೆ ಎಂಜಿನಿಯರುಗಳ ಕೈಯಲ್ಲಿದ್ದ ನದಿಯ ಅಳತೆ ಕೆಲವೇ ದಶಕಗಳದ್ದು, ಅಷ್ಟು ಸಣ್ಣ ದಾಖಲೆ ಇಟ್ಟುಕೊಂಡು ಅಷ್ಟು ದೊಡ್ಡ ನದಿಯ ಸಿಟ್ಟನ್ನು ಅಂದಾಜು ಮಾಡುವುದು ಕಷ್ಟವೇ ಅಲ್ವಾ?

ನನ್ನನ್ನು ಹೆಚ್ಚು ಕಾಡುವುದು ಆಮೇಲೆ ನಡೆದದ್ದು. 1958ರ ಡಿಸೆಂಬರಿನಲ್ಲಿ ನೀರು ನಿಲ್ಲಿಸಲು ಶುರು ಮಾಡಿದರು. ಜಲಾಶಯ ಪೂರ್ತಿ ತುಂಬಿದಾಗ ಅದರಲ್ಲಿ ಸುಮಾರು 180 ಘನ ಕಿಲೋಮೀಟರ್ ನೀರು, ಅಂದರೆ 18,000 ಕೋಟಿ ಟನ್. ಮನುಷ್ಯ ಕಟ್ಟಿದ ಜಲಾಶಯಗಳಲ್ಲಿ ಇದಕ್ಕಿಂತ ಜಾಸ್ತಿ ನೀರು ಹಿಡಿಯುವುದು ಇನ್ನೊಂದಿಲ್ಲ. ನೀರು ಏರುತ್ತಿದ್ದಂತೆ ನೆಲ ಅಲುಗತೊಡಗಿತು. 1963ರಲ್ಲಿ ಕೆರೆ ತುಂಬಿತು, ಅದೇ ಸೆಪ್ಟೆಂಬರಿನಲ್ಲಿ 6ಕ್ಕೂ ಮೀರಿದ ತೀವ್ರತೆಯ ಭೂಕಂಪ ಆಯಿತು.

ಇದು ಆಗುವುದು ಹೀಗೆ. ಆ ಕಣಿವೆಯ ಅಡಿಯ ಬಂಡೆಯಲ್ಲಿ ಹಳೆಯ ಬಿರುಕುಗಳಿವೆ. ಬಿರುಕಿನ ಎರಡು ಬದಿ ಒಂದಕ್ಕೊಂದು ಒತ್ತಿಕೊಂಡು ಜಾರದೆ ನಿಂತಿರುತ್ತವೆ, ಅವನ್ನು ಹಿಡಿದಿರುವುದು ಉಜ್ಜಾಟದ ಬಿಗಿ ಮಾತ್ರ. ಮೇಲೆ ಕೆರೆಯ ಭಾರ ಬಿತ್ತು. ನೀರು ಒತ್ತಡದಿಂದ ಆಳಕ್ಕೆ ಇಳಿದು ಬಿರುಕಿನೊಳಗೆ ಸೇರಿ ಎರಡೂ ಬದಿಯನ್ನು ಹೊರಕ್ಕೆ ತಳ್ಳಿತು. ಬಿಗಿ ಸಡಿಲಾಯಿತು, ಬಂಡೆ ಜಾರಿತು. ಹೊರಬಿದ್ದ ಶಕ್ತಿಯ ಬಹುಪಾಲು ಭೂಮಿಯೊಳಗೆ ಮೊದಲೇ ಕೂಡಿಕೊಂಡಿದ್ದದ್ದು, ನೀರು ಅದರ ಚಿಲಕ ತೆಗೆಯಿತು ಅಷ್ಟೇ. ನಮ್ಮ ಕೃಷ್ಣೆಗೆ ಸೇರುವ ಕೊಯ್ನಾ ನದಿಯ ಅಣೆಕಟ್ಟಿನ ಹತ್ತಿರ 1967ರ ಡಿಸೆಂಬರಿನಲ್ಲಿ ಆದ ಭೂಕಂಪವೂ ಇದೇ ಜಾತಿಯದು, ಭೂಕಂಪ ಓದುವವರು ಕರೀಬಾ ಮತ್ತು ಕೊಯ್ನಾ ಎರಡನ್ನೂ ಜೊತೆಯಲ್ಲೇ ಹೆಸರಿಸುತ್ತಾರೆ.

ಟೊಂಗಾ ಜನ ಭೂವಿಜ್ಞಾನವನ್ನು ಮೊದಲೇ ಬಲ್ಲವರಾಗಿದ್ದರು ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಕಥೆಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ. ಆದರೆ ಗೋಡೆಗೂ ನೆಲದ ನಡುಕಕ್ಕೂ ನಂಟಿದೆ ಎಂದು ಅವರು ಹೇಳಿದ್ದು ಸರಿಯಾಗಿತ್ತು. ಕರೀಬಾದ ವಿದ್ಯುತ್ ದೂರದ ತಾಮ್ರದ ಗಣಿಗಳಿಗೆ ಹೋಯಿತು. ನದಿ ದಂಡೆ ಬಿಟ್ಟು ಬಂದವರು ನ್ಯಾಮಿನ್ಯಾಮಿಯನ್ನು ಊರುಗೋಲಿನ ಮೇಲೆ ಕೆತ್ತುತ್ತಾರೆ. ನೆಲ ನಡುಗಿದಾಗಲೆಲ್ಲ, ಅವನು ಇನ್ನೂ ಹೆಂಡತಿಯ ಹತ್ತಿರ ಹೋಗಲು ನೋಡುತ್ತಿದ್ದಾನೆ ಎನ್ನುತ್ತಾರೆ.