ಲೂನ್ ಮೇಲ್ಗಾಲುವೆ: ಒಂದು ನದಿಯನ್ನು ದಾಟಿದ ಖರ್ಚಿಗೆ ಇನ್ನೊಂದು ನದಿ ಉಳಿದುಹೋದ ಕಥೆ

ಕಲ್ಲಿನ ಮೇಲ್ಗಾಲುವೆ ಎಂದರೆ ನಮಗೆ ನೆನಪಾಗುವುದು ಹಂಪಿಯಲ್ಲಿ ಕಲ್ಲುಕಂಬಗಳ ಮೇಲೆ ಪುಷ್ಕರಣಿಯ ಕಡೆಗೆ ಸಾಗುವ ನೀರಿನ ದೋಣಿ. ಆ ದೋಣಿಯಲ್ಲಿ ಹರಿಯುತ್ತಿದ್ದುದು ನೀರು ಮಾತ್ರ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ಪಟ್ಟಣದ ಬಳಿ ಲೂನ್ ನದಿಗೆ ಅಡ್ಡವಾಗಿ ನಿಂತಿರುವ ಮೇಲ್ಗಾಲುವೆಯನ್ನು ಕಟ್ಟಿದ್ದು ಸರಕು ತುಂಬಿದ ನಿಜವಾದ ದೋಣಿಗಳನ್ನು ನದಿಯ ಮೇಲಿಂದ ದಾಟಿಸುವುದಕ್ಕೆ.

ಲ್ಯಾಂಕಾಸ್ಟರ್ ಕಾಲುವೆಗೆ ಸಂಸತ್ತಿನ ಒಪ್ಪಿಗೆ ದೊರೆತದ್ದು 1792ರಲ್ಲಿ. ದಕ್ಷಿಣದ ವಿಗನ್ ಸುತ್ತಲಿನ ಕಲ್ಲಿದ್ದಲನ್ನು ಉತ್ತರಕ್ಕೂ, ಉತ್ತರದ ಕೆಂಡಲ್ ಕಡೆಯ ಸುಣ್ಣದ ಕಲ್ಲನ್ನು ದಕ್ಷಿಣಕ್ಕೂ ಒಯ್ಯುವುದು ಅದರ ಉದ್ದೇಶವಾಗಿತ್ತು. ನಡುವೆ ಎರಡು ದೊಡ್ಡ ನದಿಗಳಿದ್ದವು: ಲ್ಯಾಂಕಾಸ್ಟರ್ ಬಳಿ ಲೂನ್, ಪ್ರೆಸ್ಟನ್ ಬಳಿ ರಿಬ್ಬಲ್. ಕಂಪನಿ ಮೊದಲು ಕೈಹಾಕಿದ್ದು ಲೂನ್‌ಗೆ.

ಎಂಜಿನಿಯರ್ ಜಾನ್ ರೆನ್ನಿ ರೂಪಿಸಿದ ವಿನ್ಯಾಸದಲ್ಲಿ ತಲಾ 70 ಅಡಿ ಅಗಲದ ಐದು ಅರ್ಧವೃತ್ತ ಕಮಾನುಗಳಿದ್ದವು. ಒಟ್ಟು ಉದ್ದ ಸುಮಾರು 200 ಮೀಟರ್. ನೋಡುವ ಕಣ್ಣಿಗೆ ಕಮಾನುಗಳೇ ಚೆಂದ, ಆದರೆ ಹಣವನ್ನೂ ಶ್ರಮವನ್ನೂ ನುಂಗಿದ್ದು ಕಾಣದ ಬುನಾದಿ. 1794ರಲ್ಲಿ ಕೆಲಸ ಆರಂಭವಾದಾಗ ನದಿಯೊಳಗೆ ತಾತ್ಕಾಲಿಕ ಒಡ್ಡು ಕಟ್ಟಿ, ನೀರನ್ನು ಹೊರಹಾಕಿ, ಪಾತ್ರದಿಂದ ಸುಮಾರು 20 ಅಡಿ ಕೆಳಕ್ಕೆ ಅಗೆದು ಮರದ ದಿಮ್ಮಿಗಳನ್ನು ನೆಡಬೇಕಾಯಿತು. ಸಾಮಾನ್ಯ ಗಾರೆ ನೀರಿನಡಿಯಲ್ಲಿ ಗಟ್ಟಿಯಾಗುವುದಿಲ್ಲವಾದ್ದರಿಂದ, ರೋಮನ್ನರ ಕಾಲದಿಂದಲೂ ಹೆಸರಾಗಿದ್ದ ಪೊಜೊಲಾನ ಎಂಬ ಜ್ವಾಲಾಮುಖಿಯ ಬೂದಿಯನ್ನು ಇಟಲಿಯಿಂದ ತರಿಸಿ ಗಾರೆಗೆ ಬೆರೆಸಲಾಯಿತು. ಕಲ್ಲುಕೆಲಸದ ಗುತ್ತಿಗೆ ಹಿಡಿದಿದ್ದ ಎಡಿನ್‌ಬರೋದ ಅಲೆಕ್ಸಾಂಡರ್ ಸ್ಟೀವನ್ಸ್, ಕಟ್ಟಡ ಪೂರ್ಣಗೊಳ್ಳುವ ಮೊದಲೇ 1796ರಲ್ಲಿ ತೀರಿಕೊಂಡರು.

1797ರಲ್ಲಿ ದೋಣಿಗಳು ನದಿಯ ಮೇಲೆ ಸಾಗಿದವು. ಅಷ್ಟರಲ್ಲಿ ವೆಚ್ಚ 48,000 ಪೌಂಡ್ ದಾಟಿತ್ತು, ಅಂದರೆ ಮೊದಲ ಅಂದಾಜನ್ನು ಬಹುದೂರ ಮೀರಿತ್ತು. ಫ್ರಾನ್ಸ್ ಜೊತೆಗಿನ ಯುದ್ಧದಿಂದ ಬಂಡವಾಳವೂ ಬಿಗಿಯಾಗಿದ್ದ ಕಾಲವದು. ದೂರದವುಗಳು ಒಂದಾಗುತ್ತವೆ, ನದಿಗಳೇ ಕಲೆಯ ನೆರವಿನಿಂದ ಕೂಡುತ್ತವೆ ಎಂಬ ಅರ್ಥದ ಲ್ಯಾಟಿನ್ ಬರಹವನ್ನು ಮೇಲ್ಗಾಲುವೆಯ ಮೇಲೆ ಕೆತ್ತಿಸಲಾಗಿದೆ. ಆದರೆ ಕಂಪನಿಯದೇ ಕಾಲುವೆಯ ಎರಡು ತುಂಡುಗಳು ಕೂಡಲಿಲ್ಲ ಎಂಬುದನ್ನು ನೆನೆದರೆ ಆ ಸಾಲುಗಳು ಸ್ವಲ್ಪ ಅವಸರದವೆಂದೇ ತೋರುತ್ತವೆ.

ರಿಬ್ಬಲ್ ಮೇಲೆಯೂ ಕಲ್ಲಿನ ಮೇಲ್ಗಾಲುವೆ ಕಟ್ಟುವ ಯೋಜನೆಗೆ ಹಣ ಉಳಿಯಲಿಲ್ಲ. ಅದರ ಬದಲಿಗೆ ಸುಮಾರು 8 ಕಿಲೋಮೀಟರ್ ಉದ್ದದ, ಕುದುರೆಗಳು ಎಳೆಯುವ ಬಂಡಿಗಳ ಹಳಿದಾರಿಯನ್ನು ಹಾಕಿ, ಮರದ ಸೇತುವೆಯ ಮೇಲೆ ನದಿಯನ್ನು ದಾಟಿಸಲಾಯಿತು. 1803ರಲ್ಲಿ ಅದು ಬಳಕೆಗೆ ಬಂದಿತು. ತಾತ್ಕಾಲಿಕವೆಂದು ಎಣಿಸಿದ ಈ ಏರ್ಪಾಡಿನಿಂದಾಗಿ ಪ್ರತಿ ಸರಕನ್ನೂ ದೋಣಿಯಿಂದ ಬಂಡಿಗೆ, ಬಂಡಿಯಿಂದ ಮತ್ತೆ ದೋಣಿಗೆ ತುಂಬಬೇಕಾಗುತ್ತಿತ್ತು. ಮುಂದೆ ಉತ್ತರದ ತುದಿ 1819ರಲ್ಲಿ ಕೆಂಡಲ್ ಮುಟ್ಟಿದರೂ ರಿಬ್ಬಲ್ ಮೇಲಿನ ಮೇಲ್ಗಾಲುವೆ ಮಾತ್ರ ಮೇಲೇಳಲಿಲ್ಲ.

ಲೂನ್ ಮೇಲ್ಗಾಲುವೆ ಈಗ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡ. ದುರಸ್ತಿಯ ನಂತರ 2012ರಲ್ಲಿ ಅದನ್ನು ಮತ್ತೆ ತೆರೆಯಲಾಯಿತು. ಉತ್ತರದ ಕಾಲುವೆಗೆ ದೇಶದ ಉಳಿದ ಕಾಲುವೆಗಳೊಡನೆ ದೋಣಿಯ ಸಂಪರ್ಕ ದೊರೆತದ್ದು 2002ರಲ್ಲಿ, ಅದೂ ಸ್ಯಾವಿಕ್ ಹಳ್ಳದ ಮೂಲಕ ರಿಬ್ಬಲ್ ನದಿಗೇ ಇಳಿಯುವ ದಾರಿಯಲ್ಲಿ. ಆ ದಾರಿಯಲ್ಲಿ ಬರುವ ದೋಣಿಗಳು ಇಂದಿಗೂ ಸಮುದ್ರದ ಉಬ್ಬರವನ್ನು ನೋಡಿಕೊಂಡೇ ಹೊರಡಬೇಕು.